ಕಾಣದ ತಂದೆಯ ಪಾಲು

ಬೀಜಕ್ಕೆ ಗಿಡ ಆರಿಸುವವರು ತಾಯಿಯನ್ನು ನೋಡಿ ಆರಿಸುತ್ತಾರೆ. ಉಳಿದರ್ಧ ಗುಣ ಗಾಳಿಯಲ್ಲಿ ಬರುತ್ತದೆ. ಆ ಅರ್ಧವನ್ನು ಹಿಡಿಯಲು ಹೊಲದಲ್ಲಿ ಬೆನ್ನು ಬಗ್ಗಿಸಿದವರ ಕಥೆಯೇ ಭಂಗಿ ಗಿಡದ ತಳಿ ಆಯ್ಕೆಯ ಕಥೆ.

ಹತ್ತೊಂಬತ್ತನೇ ಶತಮಾನದ ಬಂಗಾಳ. ಈಗ ಬಾಂಗ್ಲಾದೇಶದಲ್ಲಿರುವ ನೌಗಾಂವ್ ಸೀಮೆಯಲ್ಲಿ ಸರ್ಕಾರದ ಪರವಾನಗಿ ಪಡೆದ ರೈತರು ಗಾಂಜಾ ಬೆಳೆಯುತ್ತಿದ್ದರು. ಮಳೆಗಾಲದ ಕೊನೆಗೆ ನಾಟಿ ಮಾಡಿದ ಸಸಿಗಳು ನವೆಂಬರ್ ಹೊತ್ತಿಗೆ ಮೈದುಂಬಿ ನಿಂತಾಗ ಹೊಲಕ್ಕೆ ಒಬ್ಬ ಮನುಷ್ಯನನ್ನು ಕರೆಸುತ್ತಿದ್ದರು. ಊರವರ ಬಾಯಲ್ಲಿ ಅವನು ಪೋದ್ದಾರ. ಬ್ರಿಟಿಷ್ ಅಧಿಕಾರಿಗಳ ವರದಿಗಳಲ್ಲಿ ‘ಗಾಂಜಾ ಡಾಕ್ಟರ್’. ಪೋದ್ದಾರ ಎಂದರೆ ನಾಣ್ಯದ ಸಾಚಾತನ ನೋಡಿ ಹೇಳುವವನು. ನಮ್ಮ ಉತ್ತರ ಕರ್ನಾಟಕದ ಪೋತದಾರ ಎಂಬ ಮನೆತನದ ಹೆಸರೂ ಅದೇ ಮೂಲದ್ದು.

ಈ ಪೋದ್ದಾರ ನೋಡುತ್ತಿದ್ದುದು ನಾಣ್ಯವನ್ನಲ್ಲ, ಗಿಡದ ಲಿಂಗವನ್ನು. ಭಂಗಿಯಲ್ಲಿ ಗಂಡು ಗಿಡವೇ ಬೇರೆ, ಹೆಣ್ಣು ಗಿಡವೇ ಬೇರೆ. ಬೀಜ ಬಿತ್ತಿದರೆ ಹೆಚ್ಚುಕಡಿಮೆ ಅರ್ಧಕ್ಕರ್ಧ ಹುಟ್ಟುತ್ತವೆ. ಹೂವರಳಿದ ಮೇಲೆ ಯಾರಾದರೂ ಗುರುತಿಸಬಹುದು: ಗಂಡಿನಲ್ಲಿ ಜೋತುಬಿದ್ದ ಸಣ್ಣ ಮೊಗ್ಗಿನ ಗೊಂಚಲು, ಹೆಣ್ಣಿನ ಗೆಣ್ಣಿನಲ್ಲಿ ಜೋಡಿ ಬಿಳಿ ಎಳೆ. ಆದರೆ ಅರಳಿದ ಮೇಲೆ ಗುರುತಿಸಿ ಫಲವಿಲ್ಲ, ಅಷ್ಟರಲ್ಲಿ ಪರಾಗ ಗಾಳಿಗೆ ಹಾರಿರುತ್ತದೆ. ಹೆಣ್ಣು ಹೂ ಬೀಜ ಕಟ್ಟಿದರೆ ಗಾಂಜಾ ಬೆಳೆಗೆ ಬೆಲೆಯಿಲ್ಲ. ಹಾಗಾಗಿ ಮೊಗ್ಗು ಬಿರಿಯುವ ಮೊದಲೇ, ಎಲೆಯ ಕಂಕುಳಲ್ಲಿ ಇನ್ನೂ ಸಾಸಿವೆ ಗಾತ್ರದ ಗಂಟಿದ್ದಾಗಲೇ ಪೋದ್ದಾರ ಸಾಲುಸಾಲಾಗಿ ಬಗ್ಗಿ ನೋಡಿ ಗಂಡು ಗಿಡವನ್ನು ಮುರಿಯುತ್ತಾ ಹೋಗುತ್ತಿದ್ದ. ಹೊಲದವರು ಹಿಂದಿನಿಂದ ಬಂದು ಅವನ್ನು ಬೇರುಸಹಿತ ಕಿತ್ತು ಹಾಕುತ್ತಿದ್ದರು. ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ ಅದು. ತಡವಾಗಿ ಮೊಗ್ಗು ಬಿಡುವ ಗಂಡುಗಳಿಗಾಗಿ ಮತ್ತೆ ಬರಬೇಕು, ಮತ್ತೆ ಬಗ್ಗಬೇಕು.

ಗಾಂಜಾದ ವಿಚಾರಣೆಗೆ ಬ್ರಿಟಿಷ್ ಸರ್ಕಾರ ನೇಮಿಸಿದ್ದ 1893–94ರ ಭಾರತೀಯ ಹೆಂಪ್ ಡ್ರಗ್ಸ್ ಆಯೋಗದ ಕಾಲದ ಬರಹಗಳಲ್ಲಿ ಈ ಮನುಷ್ಯ ಮತ್ತೆಮತ್ತೆ ಎದುರಾಗುತ್ತಾನೆ. ಅವನ ಕೈಚಳಕದಷ್ಟೇ ನನ್ನ ಗಮನ ಸೆಳೆದದ್ದು ಇನ್ನೊಂದು ಮಾತು. ಒಬ್ಬ ರೈತ ತನ್ನ ಹೊಲವನ್ನು ಎಷ್ಟೇ ಚೊಕ್ಕವಾಗಿ ನೋಡಿಸಲಿ, ಪಕ್ಕದ ಹೊಲದಲ್ಲಿ ನಾಲ್ಕು ಗಂಡು ಗಿಡ ಉಳಿದರೆ ಅವನ ಶ್ರಮವೆಲ್ಲ ನೀರುಪಾಲು. ಬೀಜದಿಂದ ಬೆಳೆವ ಗಿಡದಲ್ಲಿ ಬೇಕಾದ ಗುಣ ಆರಿಸುವುದು ಎಂದರೇನು ಎಂಬ ಪ್ರಶ್ನೆಯ ಅತಿ ಕಠಿಣ ರೂಪ ಈ ಬೇಲಿಯಂಚಿನಲ್ಲಿದೆ.

ಹೆಸರು ಒಂದು, ಗಿಡ ಹಲವು

ಮುಂದೆ ಹೋಗುವ ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಬೇಕು. ಇಂಗ್ಲಿಷರು ನಾರು ಕೊಡುವ ಗಿಡಗಳಿಗೆಲ್ಲ ಹೆಂಪ್ ಎಂಬ ಪದ ಅಂಟಿಸಿಬಿಟ್ಟರು. ನಮ್ಮಲ್ಲಿ ಹಸಿರೆಲೆ ಗೊಬ್ಬರಕ್ಕೂ ಹಗ್ಗಕ್ಕೂ ಬೆಳೆಯುವ, ಹಳದಿ ಹೂವಿನ ಸೆಣಬು ಅವರಿಗೆ ‘ಸನ್ ಹೆಂಪ್’. ಅದು ದ್ವಿದಳ ಧಾನ್ಯದ ಬಳಗದ್ದು, ಭಂಗಿಗೆ ಯಾವ ಸಂಬಂಧವೂ ಇಲ್ಲ. ಉತ್ತರ ಕರ್ನಾಟಕದಲ್ಲಿ ಹಗ್ಗಕ್ಕೆ ಬೆಳೆಯುವ ಪುಂಡಿ ದಾಸವಾಳದ ಕುಲದ್ದು. ಆದರೂ ಅದರ ಸಸ್ಯಶಾಸ್ತ್ರೀಯ ಹೆಸರು ಹೈಬಿಸ್ಕಸ್ ಕ್ಯಾನಬಿನಸ್. ಬೆರಳು ಬಿಡಿಸಿದಂತಿರುವ ಎಲೆ ಭಂಗಿಯ ಎಲೆಯನ್ನು ಹೋಲುವುದರಿಂದ ಬಂದ ಹೆಸರು ಅದು.

ಈ ಲೇಖನದ ಗಿಡ ಕ್ಯಾನಬಿಸ್ ಸಟೈವಾ. ಲಿನೇಯಸ್ 1753ರಲ್ಲಿ ಈ ಹೆಸರಿಟ್ಟ. ಭಾರತದಿಂದ ಹೋದ ಮಾದರಿ ನೋಡಿ ಲಾಮಾರ್ಕ್ 1785ರಲ್ಲಿ ಕ್ಯಾನಬಿಸ್ ಇಂಡಿಕಾ ಎಂಬ ಇನ್ನೊಂದು ಹೆಸರು ಕೊಟ್ಟ. ನಾರಿನ ಹೆಂಪ್, ಕಾಳಿನ ಹೆಂಪ್, ಭಂಗಿ, ಗಾಂಜಾ ಎಲ್ಲವೂ ಈ ಒಂದೇ ಗಿಡದ ಮುಖಗಳು. ಕಾನೂನು ಈ ಮುಖಗಳನ್ನು ಬೇರೆಬೇರೆಯಾಗಿ ನೋಡುತ್ತದೆ. 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಈ ಗಿಡ ಬೆಳೆಸಿದರೆ ಹತ್ತು ವರ್ಷದವರೆಗೆ ಕಠಿಣ ಸಜೆಯಿದೆ. ಅದೇ ಕಾಯ್ದೆಯ 14ನೇ ಕಲಮು ನಾರಿಗಾಗಿ, ಕಾಳಿಗಾಗಿ ಅಥವಾ ತೋಟಗಾರಿಕೆಗಾಗಿ ಬೆಳೆಯಲು ಸರ್ಕಾರ ಅನುಮತಿ ಕೊಡಬಹುದು ಎನ್ನುತ್ತದೆ. ನಾನಿಲ್ಲಿ ಹೇಳಹೊರಟಿರುವುದು ಹೆಚ್ಚಾಗಿ ಆ ನಾರು ಮತ್ತು ಕಾಳಿನ ಬೆಳೆಯ ಕಥೆ.

ಅಜ್ಜನ ತಾಯಿಮರ

ನಮ್ಮೂರಿನಲ್ಲಿ ಅಡಿಕೆ ಬೀಜಕ್ಕೆ ಮರ ಆರಿಸುವುದು ಹಿರಿಯರ ಕೆಲಸವಾಗಿತ್ತು. ಅಜ್ಜ ತೋಟದಲ್ಲಿ ಸುತ್ತಾಡಿ, ತಲೆಯೆತ್ತಿ ನಿಂತು, ಒಂದೊಂದು ಮರವನ್ನು ಮಾತಾಡಿಸುವವನಂತೆ ನೋಡುತ್ತಿದ್ದ. ನಡುವಯಸ್ಸಿನ ಮರವಾಗಬೇಕು, ಉಂಗುರಗಳು ಒತ್ತೊತ್ತಾಗಿರಬೇಕು, ಸೋಗೆ ತುಂಬಿರಬೇಕು, ವರ್ಷ ತಪ್ಪದೆ ಗೊನೆ ಬಿಟ್ಟಿರಬೇಕು. ಇಳಿಸಿದ ಗೊನೆಯ ಹಣ್ಣನ್ನು ನೀರಿಗೆ ಹಾಕಿ, ತೊಟ್ಟು ಮೇಲಾಗಿ ನೆಟ್ಟಗೆ ತೇಲಿದವನ್ನಷ್ಟೇ ಮಡಿಗೆ ಇಡುತ್ತಿದ್ದ. ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬ ಗಾದೆಯನ್ನು ಅವನು ಹೇಳುತ್ತಿದ್ದುದು ಅಡಿಕೆ ಸಸಿಯ ಬಗ್ಗೆ.

ಅಷ್ಟು ಮಾಡಿದರೂ ಸಸಿಗಳು ಒಂದರಂತೆ ಒಂದು ಬರುತ್ತಿರಲಿಲ್ಲ. ಕಾರಣ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಡಿಕೆಯ ಹಿಂಗಾರದಲ್ಲಿ ಗಂಡು ಹೂಗಳು ಮೊದಲು ಅರಳಿ ಉದುರುತ್ತವೆ. ಹೆಣ್ಣು ಹೂಗಳ ಸರದಿ ಬರುವಾಗ ಆ ಹಿಂಗಾರದಲ್ಲಿ ಪರಾಗವೇ ಉಳಿದಿರುವುದಿಲ್ಲ. ಹೆಚ್ಚಿನ ಕಾಯಿಗೆ ತಂದೆಯಾಗುವುದು ಬೇರೆ ಮರ. ಅಜ್ಜ ತಾಯಿಯನ್ನು ಆರಿಸುತ್ತಿದ್ದ, ತಂದೆಯನ್ನು ಗಾಳಿ ಆರಿಸುತ್ತಿತ್ತು.

ರಾಗಿಯಲ್ಲಿ ಈ ಪಜೀತಿಯಿಲ್ಲ. ರಾಗಿ ಹೂವಿಗೆ ತನ್ನ ಪರಾಗವೇ ಸಾಕು. ಹೊಲದಲ್ಲಿ ಕಣ್ಣಿಗೆ ತುಂಬಿದ ತೆನೆ ಮುರಿದು ಕಟ್ಟಿಟ್ಟರೆ ಮುಂದಿನ ವರ್ಷ ಅದೇ ತೆನೆ ಕಾಣಬಹುದು. ಭಂಗಿ ನಿಂತಿರುವುದು ರಾಗಿಯ ತೀರಾ ಎದುರು ತುದಿಯಲ್ಲಿ. ಅಲ್ಲಿ ತಂದೆ ಎಂಬುದು ಬೇರೆಯದೇ ಗಿಡ. ಅದು ಕಾಳು ಕೊಡುವುದಿಲ್ಲ, ಪರಾಗ ಉದುರಿಸಿ ಕೆಲವೇ ದಿನಗಳಲ್ಲಿ ಒಣಗಿ ಸಾಯುತ್ತದೆ. ಅದು ಏನು ಕೊಟ್ಟು ಹೋಯಿತು ಎಂಬುದಕ್ಕೆ ಹೊಲದಲ್ಲಿ ಗುರುತೇ ಉಳಿಯುವುದಿಲ್ಲ.

ಗಿಡಗಳಿಗೂ ಗಂಡು–ಹೆಣ್ಣಿದೆ ಎಂಬುದನ್ನು ಪ್ರಯೋಗದಿಂದ ತೋರಿಸಿದವನು ಜರ್ಮನಿಯ ಟ್ಯೂಬಿಂಗೆನ್‌ನ ರುಡಾಲ್ಫ್ ಯಾಕೋಬ್ ಕಮೆರಾರಿಯಸ್. 1694ರಲ್ಲಿ ಪ್ರಕಟವಾದ ಅವನ ಪತ್ರರೂಪದ ಬರಹದಲ್ಲಿ ಹಿಪ್ಪುನೇರಳೆ, ಹರಳು, ಮೆಕ್ಕೆಜೋಳಗಳ ಜತೆ ಹೆಂಪ್ ಕೂಡ ಇದೆ. ಉಳಿದ ಗಿಡಗಳು ಹೆಚ್ಚುಕಡಿಮೆ ಅವನ ಮಾತು ಕೇಳಿದವು: ಗಂಡು ಹೂ ತೆಗೆದರೆ ಕಾಳಿಲ್ಲ. ಹೆಂಪ್ ಕೇಳಲಿಲ್ಲ. ಗಂಡು ಗಿಡಗಳನ್ನು ತೆಗೆದರೂ ಹೆಣ್ಣಿನಲ್ಲಿ ಒಂದಿಷ್ಟು ಕಾಳು ಕಟ್ಟಿತು, ಅದು ಅವನನ್ನು ಬಹಳ ಕಾಡಿತು. ಇವತ್ತು ಅದಕ್ಕೆ ಉತ್ತರ ಗೊತ್ತಿದೆ. ಈ ಗಿಡದ ಪರಾಗ ಬಹುದೂರ ಹಾರುತ್ತದೆ. ಅದಲ್ಲದೆ ಒಮ್ಮೊಮ್ಮೆ ಹೆಣ್ಣು ಗಿಡವೇ ನಾಲ್ಕು ಗಂಡು ಹೂ ಬಿಡುತ್ತದೆ. ಪರಾಗ ಎಷ್ಟು ದೂರ ಹಾರುತ್ತದೆ ಎಂದರೆ, ಉತ್ತರ ಆಫ್ರಿಕದ ಹೊಲಗಳ ಪರಾಗ ಸಮುದ್ರ ದಾಟಿ ದಕ್ಷಿಣ ಸ್ಪೇನಿನ ಗಾಳಿಯಲ್ಲಿ ಸಿಕ್ಕಿರುವುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ.

ಯುರೋಪಿನ ಹಳ್ಳಿಗರು ಬಹುಕಾಲ ಈ ಗಿಡದ ಲಿಂಗವನ್ನು ತಿರುಗುಮುರುಗಾಗಿ ತಿಳಿದಿದ್ದರು. ದಪ್ಪ ಕಾಂಡದ, ಕೊನೆಯವರೆಗೆ ನಿಂತು ಕಾಳು ಕೊಡುವ ಗಿಡವೇ ಗಂಡು, ಸಪೂರವಾಗಿ ಬೇಗ ಬಾಡುವುದೇ ಹೆಣ್ಣು ಎಂದು ಅವರ ಎಣಿಕೆ. ತಂದೆ ಯಾರೆಂದೇ ತಿಳಿಯದಿದ್ದಾಗ ತಂದೆಯನ್ನು ಆರಿಸುವ ಮಾತೆಲ್ಲಿ?

ಯಾವ ಗುಣ ಬೇಕು?

ಬೇಕಾದ ಗುಣ ಎಂಬುದು ಗಿಡದಲ್ಲಿ ಬರೆದಿಟ್ಟಿರುವುದಿಲ್ಲ. ಅದು ಬೆಳೆಯುವವರ ಅಗತ್ಯಕ್ಕೆ ತಕ್ಕ ಹಾಗೆ. ರಷ್ಯದ ಸಸ್ಯವಿಜ್ಞಾನಿ ವಾವಿಲೋವ್ 1920ರ ದಶಕದಲ್ಲಿ ವೋಲ್ಗಾ ನದಿಯ ಸೀಮೆಯಲ್ಲಿ ಕಾಡು ಹೆಂಪನ್ನೂ ಹೊಲದ ಹೆಂಪನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. ಕಾಡಿನದರ ಕಾಳು ಸಣ್ಣದು, ಮೈಮೇಲೆ ಮಣ್ಣಿನ ಬಣ್ಣದ ಮಚ್ಚೆ, ಮಾಗಿದ ಕೂಡಲೇ ಉದುರುವ ಗುಣ, ಒಂದೊಂದು ಒಂದೊಂದು ಕಾಲಕ್ಕೆ ಮೊಳೆಯುವ ಹಟ. ಕಾಳಿನ ಬುಡದಲ್ಲಿ ಜಿಡ್ಡಿನ ಒಂದು ಅಂಶ. ಅದರ ಆಸೆಗೆ ಕೆಂಪು ತಿಗಣೆಗಳು ಕಾಳನ್ನು ಎಳೆದೊಯ್ದು ಹರಡುತ್ತವೆ. ಹೊಲದ ಹೆಂಪಿನಲ್ಲಿ ಇವೆಲ್ಲ ತಲೆಕೆಳಗು: ಕಾಳು ದಪ್ಪ, ತೆನೆಯಲ್ಲೇ ನಿಲ್ಲುತ್ತದೆ, ಬಿತ್ತಿದರೆ ಒಟ್ಟಿಗೆ ಮೊಳೆಯುತ್ತದೆ. ಬೇಕೆಂದು ಆರಿಸಿದ ಗುಣಗಳಲ್ಲ ಇವು. ಉದುರದೆ ಉಳಿದ ಕಾಳಷ್ಟೇ ಕಣಕ್ಕೆ ಬರುತ್ತದೆ, ಕಣಕ್ಕೆ ಬಂದದ್ದಷ್ಟೇ ಮುಂದಿನ ವರ್ಷ ಹೊಲಕ್ಕೆ ಹೋಗುತ್ತದೆ. ಸಾವಿರಾರು ವರ್ಷ ಹೀಗೆ ನಡೆಯಿತು. 110 ಗಿಡಗಳ ಪೂರ್ಣ ಜೀನೋಮ್ ಹೋಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಗಿಡ ಮನುಷ್ಯನ ಕೈಗೆ ಬಂದದ್ದು ಪೂರ್ವ ಏಷ್ಯದಲ್ಲಿ, ಸುಮಾರು 12,000 ವರ್ಷಗಳ ಹಿಂದೆ ಎನ್ನುತ್ತದೆ.

ಬಳಿಕ ದಾರಿಗಳು ಕವಲೊಡೆದವು. ನಾರು ಬೇಕಾದವರಿಗೆ ಎತ್ತರದ, ಸಪೂರ, ಕೊಂಬೆಯಿಲ್ಲದ ಕಾಂಡ ಬೇಕು. ಗೆಣ್ಣಿನಿಂದ ಗೆಣ್ಣಿಗೆ ಅಂತರ ಹೆಚ್ಚಿರಬೇಕು, ಏಕೆಂದರೆ ಪ್ರತಿ ಗೆಣ್ಣಿನಲ್ಲೂ ನಾರಿನ ಓಟ ತಡೆಯುತ್ತದೆ. ಕಾಳು ಬೇಕಾದವರಿಗೆ ಗಿಡ್ಡಗಿದ್ದು, ಒಟ್ಟಿಗೆ ಮಾಗಿ, ಯಂತ್ರದ ಕುಡುಗೋಲಿಗೆ ಸಿಗುವ ಗಿಡ ಬೇಕು. ಫಿನ್‌ಲ್ಯಾಂಡಿನಲ್ಲಿ 1990ರ ದಶಕದಲ್ಲಿ ರೂಪುಗೊಂಡ ಫಿನೋಲಾ ಅಂಥದ್ದು. ವಾವಿಲೋವ್ ಸಂಸ್ಥೆಯ ಬೀಜ ಸಂಗ್ರಹದಿಂದ ಬಂದ ಕಾಳುಗಳಿಂದ ಆರಿಸಿದ ಈ ತಳಿ ಎದೆಯೆತ್ತರಕ್ಕೇ ಮಾಗಿ, ಉತ್ತರದ ಚುಟುಕು ಬೇಸಿಗೆಯೊಳಗೆ ಕಾಳು ಕೊಡುತ್ತದೆ.

ಎಲ್ಲದರ ಹಿಂದೆ ಒಂದು ಗಡಿಯಾರವಿದೆ. ಬಹುಪಾಲು ಭಂಗಿ ತಳಿಗಳು ಹಗಲು ಕಿರಿದಾಗುವುದನ್ನು ಗಮನಿಸಿ ಹೂ ಬಿಡುತ್ತವೆ. ಉತ್ತರದ ತಳಿಯನ್ನು ತೆಂಕಣ ಸೀಮೆಗೆ ತಂದರೆ, ಅಲ್ಲಿಯ ಹಗಲು ಅದಕ್ಕೆ ಎಂದೂ ಸಾಕಷ್ಟು ಉದ್ದವಾಗುವುದಿಲ್ಲವಾಗಿ ಗಿಡ್ಡಗಿರುವಾಗಲೇ ಹೂ ಬಿಟ್ಟುಬಿಡುತ್ತದೆ. ತೆಂಕಣ ತಳಿಯನ್ನು ಬಡಗಣಕ್ಕೆ ಒಯ್ದರೆ ಮುಗಿಲೆತ್ತರ ಬೆಳೆದು, ಕಾಳು ಮಾಗುವ ಮೊದಲೇ ಚಳಿಗೆ ಸಿಗುತ್ತದೆ. ಹೀಗಾಗಿ ದೂರದೂರಿನ ಒಳ್ಳೆಯ ಬೀಜ ಎಂಬ ಮಾತನ್ನು ಈ ಬೆಳೆಯಲ್ಲಿ ಸುಲಭವಾಗಿ ನಂಬುವಂತಿಲ್ಲ.

ಸೀಳಿದ ಕಾಂಡ

ಕಣ್ಣಿಗೆ ಕಾಣುವ ಗುಣಗಳನ್ನು ಕ್ರಮಬದ್ಧವಾಗಿ ಆರಿಸಿದವರಲ್ಲಿ ಅಮೆರಿಕದ ಲಿಸ್ಟರ್ ಡ್ಯೂಯಿ ದೊಡ್ಡ ಹೆಸರು. ಅಲ್ಲಿಯ ಕೃಷಿ ಇಲಾಖೆಯಲ್ಲಿ ನಾರಿನ ಬೆಳೆಗಳ ಹೊಣೆ ಹೊತ್ತಿದ್ದ ಸಸ್ಯಶಾಸ್ತ್ರಜ್ಞ ಅವರು. ವಾಷಿಂಗ್ಟನ್ ಪಕ್ಕದ ಆರ್ಲಿಂಗ್ಟನ್ ಫಾರ್ಮಿನಲ್ಲಿ, ಅಂದರೆ ಇಂದು ಪೆಂಟಗನ್ ಕಟ್ಟಡ ನಿಂತಿರುವ ಬಯಲಿನಲ್ಲಿ, ವರ್ಷ ವರ್ಷವೂ ಹೆಂಪ್ ಬೆಳೆದು, ಎತ್ತರ ಅಳೆದು, ಗೆಣ್ಣಂತರ ಎಣಿಸಿ, ಒಳ್ಳೆಯ ಗಿಡಗಳ ಕಾಳನ್ನಷ್ಟೇ ಉಳಿಸುತ್ತಾ ಹೋದರು. ಚೀನಾ ಮೂಲದ ಬೀಜದಿಂದ ಕಿಮಿಂಗ್ಟನ್ ಮತ್ತು ಚಿಂಗ್ಟನ್, ಇಟಲಿಯ ಫೆರಾರಾ ತಳಿಯ ಕೂಡಿಕೆಯಿಂದ ಫೆರಾಮಿಂಗ್ಟನ್ ಹೀಗೆ ಬಂದವು.

ಎತ್ತರ, ಕಾಂಡದ ದಪ್ಪ, ಗೆಣ್ಣಿನ ಅಂತರ ಗಂಡಿನಲ್ಲೂ ಕಾಣುತ್ತವೆ. ಗಿಡ್ಡ, ಕೊಂಬೆಬಡುಕ ಗಂಡುಗಳನ್ನು ಪರಾಗ ಉದುರುವ ಮೊದಲೇ ಕಿತ್ತರೆ ತಂದೆಯ ಪಾಲೂ ಒಂದಷ್ಟು ಕೈಗೆ ಸಿಗುತ್ತದೆ. ನೌಗಾಂವದ ಪೋದ್ದಾರ ಗಂಡುಗಳನ್ನೆಲ್ಲ ಕೀಳಿಸುತ್ತಿದ್ದ. ತಳಿ ಬೆಳೆಸುವವನು ಕೀಳು ಗಂಡುಗಳನ್ನು ಮಾತ್ರ ಕೀಳುತ್ತಾನೆ.

ಆದರೆ ನಾರಿನ ಬೆಳೆಯ ಮುಖ್ಯ ಗುಣವೇ ಕಣ್ಣಿಗೆ ಕಾಣದ್ದು. ತೊಗಟೆಯ ಒಳಗೆ ಎಷ್ಟು ನಾರಿದೆ ಎಂಬುದು ಗಿಡ ಕಡಿದು, ಕೊಳೆಸಿ, ಸುಲಿದು, ತೂಗಿದ ಮೇಲಷ್ಟೇ ತಿಳಿಯುತ್ತದೆ. ಹೆಣ್ಣಿನಲ್ಲಿ ಇದು ತೊಡಕಲ್ಲ. ಕಾಳು ಮಾಗಿದ ಮೇಲೆ ಗಿಡ ಕೊಯ್ದು, ಕಾಳನ್ನು ಬೇರೆ ಕಟ್ಟಿಟ್ಟು, ಕಾಂಡ ಪರೀಕ್ಷಿಸಿ, ನಾರು ಕಡಿಮೆಯಿದ್ದರೆ ಆ ಕಾಳನ್ನು ಬಿಸಾಡಿದರಾಯಿತು. ಗಂಡಿನ ವಿಷಯದಲ್ಲಿ ಪರೀಕ್ಷೆಯ ಫಲ ಬರುವ ಹೊತ್ತಿಗೆ ಅದರ ಪರಾಗ ಹೊಲದ ಹೆಣ್ಣುಗಳನ್ನೆಲ್ಲ ಮುಟ್ಟಿಯಾಗಿರುತ್ತದೆ.

ಈ ಗಂಟನ್ನು ಬಿಡಿಸಿದವರು ಜರ್ಮನಿಯ ಗುಸ್ತಾವ್ ಬ್ರೆಡೆಮಾನ್. ಅವರ ಉಪಾಯ ಕೇಳಿದರೆ ಇಷ್ಟೇನಾ ಎನಿಸುತ್ತದೆ. ಗಂಡು ಗಿಡ ಅರಳುವ ಮೊದಲು ಅದರ ಕಾಂಡವನ್ನು ಉದ್ದಕ್ಕೆ ಸೀಳುವುದು. ಒಂದು ಸೀಳು ಪ್ರಯೋಗಾಲಯಕ್ಕೆ, ಇನ್ನೊಂದು ಸೀಳು ಹೊಲದಲ್ಲೇ ಜೀವಂತ. ಒಳಗೆ ನಾರನ್ನು ಬೇರ್ಪಡಿಸಿ ತೂಗುವಷ್ಟು ದಿನ ಹೊಲದಲ್ಲಿ ಆ ಅರ್ಧ ಗಿಡ ಮೊಗ್ಗು ಕಟ್ಟುತ್ತಾ ಕಾಯುತ್ತದೆ. ಫಲಿತಾಂಶ ಬಂದ ಮೇಲೆ ನಾರು ಹೆಚ್ಚಿರುವ ನಾಲ್ಕಾರು ಗಂಡುಗಳನ್ನಷ್ಟೇ ಅರಳಲು ಬಿಟ್ಟು ಉಳಿದವನ್ನೆಲ್ಲ ಕಡಿಯುವುದು. ತಂದೆಯ ಗುಣ ಪರಾಗಕ್ಕಿಂತ ಮೊದಲು ತಿಳಿಯುವ ಹಾಗಾಯಿತು. 1920ರ ದಶಕದಿಂದ ಸುಮಾರು ಮೂವತ್ತು ವರ್ಷ ಈ ಕೆಲಸ ನಡೆಸಿದ ಬ್ರೆಡೆಮಾನ್ ಕಾಂಡದೊಳಗಿನ ನಾರಿನ ಪಾಲನ್ನು ಎರಡು ಪಟ್ಟಿಗೂ ಮೀರಿಸಿದರು. ಹಂಗೆರಿಯ ತಳಿ ವಿಜ್ಞಾನಿ ಇವಾನ್ ಬೋಚಾ ಇದೇ ದಾರಿ ಹಿಡಿದು ಬೆಳೆಸಿದ ಕೊಂಪೋಲ್ಟಿ ತಳಿ 1954ರಲ್ಲಿ ಬಂತು. ಯುರೋಪಿನಲ್ಲಿ ಇಂದಿಗೂ ಅದರ ಹೆಸರಿದೆ.

ಇಲ್ಲಿ ಇನ್ನೊಂದು ಪಾಠವೂ ಇದೆ. ತೂಕವನ್ನೇ ಗುರಿಯಾಗಿಟ್ಟು ಆರಿಸಿದಾಗ ಹೆಚ್ಚಿದ ನಾರಿನಲ್ಲಿ ದೊಡ್ಡ ಪಾಲು ಮೋಟು, ಒರಟು ಎರಡನೇ ಸುತ್ತಿನ ನಾರು. ಬಟ್ಟೆಗೆ ಬೇಕಾದ ನಯವಾದ ಉದ್ದ ನಾರು ಅದೇ ಲೆಕ್ಕದಲ್ಲಿ ಹೆಚ್ಚಲಿಲ್ಲ. ತಕ್ಕಡಿಗೆ ಹಾಕಿದ್ದು ಬೆಳೆಯಿತು, ತಕ್ಕಡಿಗೆ ಹಾಕದ್ದು ಹಿಂದೆ ಉಳಿಯಿತು. ಒಂದು ಗುಣವನ್ನು ಆರಿಸುವಾಗ ಉಳಿದ ಗುಣಗಳ ಮೇಲೂ ಒಂದು ಕಣ್ಣಿಡಬೇಕು ಎಂಬುದನ್ನು ಹೆಂಪ್ ಬೆಳೆಗಾರರು ಹೀಗೆ ಕಲಿತರು.

ತಂದೆಯೇ ಬೇಡ ಎಂದವರು

ಗಂಡು ಗಿಡ ಬೇಗ ಒಣಗುವುದು, ಹೆಣ್ಣು ವಾರಗಟ್ಟಲೆ ತಡವಾಗಿ ಮಾಗುವುದು ಹಳೆಯ ಕಾಲದಲ್ಲಿ ದೊಡ್ಡ ತಾಪತ್ರಯವಾಗಿರಲಿಲ್ಲ. ಕೂಲಿಯವರು ಹೊಲಕ್ಕೆ ಎರಡು ಸಲ ಇಳಿದು, ಮೊದಲು ಗಂಡು, ಆಮೇಲೆ ಹೆಣ್ಣು ಕೀಳುತ್ತಿದ್ದರು. ಯಂತ್ರಕ್ಕೆ ಆ ವಿವೇಕವಿಲ್ಲ. ಹೀಗಾಗಿ 1930–40ರ ದಶಕಗಳಲ್ಲಿ ಜರ್ಮನಿ ಮತ್ತು ಸೋವಿಯತ್ ದೇಶದ ವಿಜ್ಞಾನಿಗಳು ಅಪರೂಪಕ್ಕೆ ಕಾಣುವ, ಗಂಡು ಹೆಣ್ಣು ಎರಡೂ ಹೂ ಬಿಡುವ ಗಿಡಗಳನ್ನು ಹುಡುಕಿ ಆರಿಸತೊಡಗಿದರು. ಫ್ರಾನ್ಸಿನ ಫೆಡೋರಾ, ಫೆಲಿನಾ, ಉಕ್ರೇನಿನ ಯುಎಸ್‌ಒ–31 ಇಂಥ ಉಭಯಲಿಂಗಿ ತಳಿಗಳು. ಎಲ್ಲ ಗಿಡವೂ ಒಟ್ಟಿಗೆ ಮಾಗುತ್ತವೆ, ಎಲ್ಲ ಗಿಡವೂ ಕಾಳು ಕೊಡುತ್ತವೆ.

ಆದರೆ ಕಾವಲು ತಪ್ಪುವ ಹಾಗಿಲ್ಲ. ಮನುಷ್ಯರ ಹಾಗೆ ಈ ಗಿಡದಲ್ಲೂ ಎಕ್ಸ್–ವೈ ವರ್ಣತಂತುಗಳು ಲಿಂಗ ನಿರ್ಧರಿಸುತ್ತವೆ. ಉಭಯಲಿಂಗಿ ಗಿಡದಲ್ಲಿರುವುದು ಎಕ್ಸ್ ಮಾತ್ರ. ಬೀಜೋತ್ಪಾದನೆಯ ಹೊಲದಲ್ಲಿ ಎಲ್ಲಿಂದಲೋ ಬಂದ ಒಂದು ಅಪ್ಪಟ ಗಂಡು ಅರಳಿದರೆ ಅದು ಮುಟ್ಟಿದ ಕಾಳುಗಳಲ್ಲಿ ಅರ್ಧ ಮತ್ತೆ ಗಂಡಾಗುತ್ತವೆ. ಪ್ರತಿ ಪೀಳಿಗೆಯಲ್ಲೂ ಹುಡುಕಿ ಕೀಳದಿದ್ದರೆ ಕೆಲವೇ ಸುಗ್ಗಿಗಳಲ್ಲಿ ತಳಿ ತನ್ನ ಹಳೆಯ ಸ್ವಭಾವಕ್ಕೆ ಮರಳುತ್ತದೆ. ತಂದೆಯೇ ಬೇಡ ಎಂದವರೂ ಕೊನೆಗೆ ಪೋದ್ದಾರನ ಕೆಲಸ ಮಾಡಲೇಬೇಕಾಯಿತು.

ಎಲೆಯೊಳಗಿನ ಒಂದು ಕವಲು

ಇಪ್ಪತ್ತನೇ ಶತಮಾನದ ಎರಡನೇ ಅರ್ಧದಲ್ಲಿ ಎಲ್ಲ ಗುಣಗಳನ್ನು ಹಿಂದಿಕ್ಕಿ ಇನ್ನೊಂದು ಗುಣ ಮುಂದೆ ಬಂತು. ಇಸ್ರೇಲಿನ ರಫೇಲ್ ಮೆಕೌಲಂ ಮತ್ತು ಯೆಹಿಯೆಲ್ ಗಾವೋನಿ 1964ರಲ್ಲಿ ಗಾಂಜಾದ ಅಮಲಿಗೆ ಮುಖ್ಯ ಕಾರಣವಾದ ಟಿಎಚ್‌ಸಿಯನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದರು. ಅಲ್ಲಿಂದಾಚೆಗೆ ಸರ್ಕಾರಗಳಿಗೆ ಒಂದು ಗಡಿಗೆರೆ ಬೇಕಾಯಿತು. ಕೆನಡಾದ ಅರ್ನೆಸ್ಟ್ ಸ್ಮಾಲ್ ಲೋಕದ ನಾನಾ ಕಡೆಯ ನೂರಾರು ಬೀಜ ಮಾದರಿಗಳನ್ನು ಒಟ್ಟಾವಾದಲ್ಲಿ ಬೆಳೆಸಿ, ಎಲೆಗಳನ್ನು ಪರೀಕ್ಷಿಸಿ, ವರ್ಗೀಕರಣದ ಅನುಕೂಲಕ್ಕಾಗಿ ಶೇ 0.3 ಎಂಬ ಗೆರೆ ಎಳೆದರು. 1976ರಲ್ಲಿ ಸಸ್ಯಶಾಸ್ತ್ರಜ್ಞ ಕ್ರಾಂಕ್ವಿಸ್ಟ್ ಜತೆಗೂಡಿ ಅದನ್ನು ಪ್ರಕಟಿಸಿದಾಗ ಅದೊಂದು ಒಪ್ಪಂದದ ಗೆರೆ ಎಂಬುದನ್ನು ಅವರು ಮುಚ್ಚಿಡಲಿಲ್ಲ. ಮುಂದೆ ಅದೇ ಅಂಕಿ ದೇಶದೇಶಗಳ ಕಾನೂನಾಯಿತು.

ಈ ಗುಣ ಮಣ್ಣಿನಿಂದ ಬರುತ್ತದೋ ಬೀಜದಿಂದಲೋ? ಎಟಿಯೆನ್ ಡೆ ಮೇಯರ್ ಮತ್ತು ಸಂಗಡಿಗರು 2003ರಲ್ಲಿ ಕೊಟ್ಟ ಉತ್ತರದಲ್ಲಿ ಮೆಂಡಲನ ಬಟಾಣಿಯ ಸರಳತೆಯಿದೆ. ಗಿಡ ಮೊದಲು ಒಂದು ಮೂಲವಸ್ತು ತಯಾರಿಸುತ್ತದೆ. ಒಂದು ಕಿಣ್ವ ಅದನ್ನು ಟಿಎಚ್‌ಸಿಯ ದಾರಿಗೆ ತಿರುಗಿಸುತ್ತದೆ, ಇನ್ನೊಂದು ಅಮಲಿಲ್ಲದ ಸಿಬಿಡಿಯ ದಾರಿಗೆ. ಯಾವ ದಾರಿ ಎಂಬುದು ತಾಯಿಯಿಂದ ಒಂದು, ತಂದೆಯಿಂದ ಒಂದು ಬರುವ ಜೋಡಿಯ ಮೇಲೆ ನಿಂತಿದೆ. ಶುದ್ಧ ಟಿಎಚ್‌ಸಿ ತಳಿಗೂ ಶುದ್ಧ ಸಿಬಿಡಿ ತಳಿಗೂ ಕೂಡಿಕೆ ಮಾಡಿದರೆ ಮಕ್ಕಳೆಲ್ಲ ಎರಡನ್ನೂ ತಯಾರಿಸುತ್ತವೆ. ಮೊಮ್ಮಕ್ಕಳಲ್ಲಿ ಕಾಲು ಭಾಗ ಅಜ್ಜಿಯಂತೆ, ಕಾಲು ಭಾಗ ಅಜ್ಜನಂತೆ, ಅರ್ಧ ಮಿಶ್ರ. ಇದರ ಹಿಂದೆ ಒಂದಕ್ಕೊಂದು ಅಂಟಿಕೊಂಡಿರುವ ಹಲವು ಜೀನುಗಳಿವೆ ಎಂದು ನಂತರದ ಅಧ್ಯಯನಗಳು ತೋರಿಸಿವೆ. ಆದರೂ ಹೊಲದ ಲೆಕ್ಕಕ್ಕೆ ಈ ನಿಯಮ ಸಾಕು. ಗೊಬ್ಬರ, ನೀರು, ಬಿಸಿಲುಗಳಿಂದ ಒಟ್ಟು ಪ್ರಮಾಣ ಹೆಚ್ಚು ಕಡಿಮೆಯಾಗಬಹುದು, ಇವೆರಡರ ಅನುಪಾತ ಮಾತ್ರ ಬೀಜದ ಹಣೆಬರಹ.

ಬ್ರೆಡೆಮಾನರ ಸೀಳಿದ ಕಾಂಡದ ಜಾಗದಲ್ಲಿ ಇವತ್ತು ಎಳೆಯ ಎಲೆಯ ಒಂದು ಚೂರು ಸಾಕು. ಅದರ ಡಿಎನ್‌ಎ ನೋಡಿ ಸಸಿ ಗಂಡೋ ಹೆಣ್ಣೋ, ಟಿಎಚ್‌ಸಿಯ ದಾರಿಯದೋ ಸಿಬಿಡಿಯದೋ ಎಂದು ಹೇಳಬಹುದು. ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ನಮ್ಮ ಗಾದೆ ಅಕ್ಷರಶಃ ನಿಜವಾದ ಜಾಗ ಇದು.

ಕಣಿವೆಯ ಬೀಜ

ಇಷ್ಟೆಲ್ಲ ತಿಳಿವಳಿಕೆ ಬಂದು ನಿಲ್ಲಬೇಕಾದ ಜಾಗ ನಮ್ಮ ದೇಶದಲ್ಲೇ ಇದೆ. ಉತ್ತರಾಖಂಡದ ಗಢವಾಲ ಮತ್ತು ಕುಮಾವೂಂ ಗುಡ್ಡಗಾಡಿನಲ್ಲಿ ಭಂಗಿ ತಲೆಮಾರುಗಳಿಂದ ಮನೆಯ ಬೆಳೆ. ಅದರ ನಾರಿನಿಂದ ನೇಯ್ದ ಒರಟು ಬಟ್ಟೆಗೆ ಭಂಗೇಲ ಎಂದು ಹೆಸರು. ಹುರಿದ ಕಾಳು ಅರೆದು, ಹುಳಿ ಹಿಂಡಿ ಮಾಡುವ ಚಟ್ನಿ ಅಲ್ಲಿಯ ಊಟದ ಎಲೆಯಲ್ಲಿ ಇರಲೇಬೇಕು. ಕಾಳಿನಲ್ಲಿ ಅಮಲಿಲ್ಲ, ಇರುವುದು ಒಳ್ಳೆಯ ಎಣ್ಣೆ, ಒಳ್ಳೆಯ ಪ್ರೋಟೀನು. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವೂ 2021ರಲ್ಲಿ ಈ ಕಾಳನ್ನು ಆಹಾರವೆಂದು ಒಪ್ಪಿಕೊಂಡಿದೆ. ಉತ್ತರಾಖಂಡ ಸರ್ಕಾರ 2018ರಲ್ಲಿ ದೇಶದಲ್ಲೇ ಮೊದಲಿಗೆ ಉದ್ಯಮಕ್ಕಾಗಿ ಹೆಂಪ್ ಬೆಳೆಯಲು ಪರವಾನಗಿ ಕೊಡತೊಡಗಿತು. ಷರತ್ತು ಅದೇ ಅಂಕಿ: ಟಿಎಚ್‌ಸಿ ಶೇ 0.3 ಮೀರಬಾರದು.

ಆ ಗುಡ್ಡದ ನಾಟಿ ತಳಿಗಳು ಸಾಮಾನ್ಯವಾಗಿ ಈ ಗೆರೆ ಮೀರಿದವು. ಯಾರೂ ಆ ಗುಣಕ್ಕಾಗಿ ಅಳೆದು ಆರಿಸಿದವರಲ್ಲ. ಹಾಗಾದರೆ ಯುರೋಪಿನ ಬೀಜ ತರಿಸಿದರಾಗದೇ? ಗಡಿಯಾರದ ಮಾತು ಆಗಲೇ ಹೇಳಿದೆ. ಬೇರೆ ಹಗಲಿಗೆ ಒಗ್ಗಿದ ಬೀಜ ಇಲ್ಲಿಯ ಹಗಲಿಗೆ ಸರಿಯಾಗಿ ಬೆಳೆಯದು. ಬೆಳೆದರೂ, ಸುತ್ತಲಿನ ದಿನ್ನೆ ಬೇಲಿಗಳಲ್ಲಿ ತಾನಾಗಿ ಎದ್ದ ಭಂಗಿಯ ಪರಾಗ ಒಂದೇ ಸುಗ್ಗಿಯಲ್ಲಿ ಅದರ ಮಕ್ಕಳನ್ನು ಮಿಶ್ರವಾಗಿಸುತ್ತದೆ. ಪ್ರತಿ ವರ್ಷ ಹೊಸ ಬೀಜ ಕೊಳ್ಳಬೇಕಾದ ರೈತ ಬೀಜದ ಒಡೆತನ ಕಳೆದುಕೊಳ್ಳುತ್ತಾನೆ. ಅದರ ಜತೆಗೆ ಭಂಗೇಲದ ನಾರು, ಚಟ್ನಿಯ ಕಾಳಿನ ರುಚಿ, ಆ ಚಳಿ ಆ ಮಣ್ಣಿಗೆ ಒಗ್ಗಿದ ತಾಳಿಕೆ ಎಲ್ಲವೂ ಹೋಗುತ್ತವೆ.

ಒಂದು ತಳಿ ಎಷ್ಟು ಸುಲಭವಾಗಿ ಇಲ್ಲವಾಗುತ್ತದೆ ಎಂಬುದನ್ನು ಡ್ಯೂಯಿ ಅವರ ಬೀಜಗಳು ಹೇಳುತ್ತವೆ. 1933ರಲ್ಲಿ ಅಮೆರಿಕ ಸರ್ಕಾರ ಹೆಂಪ್ ತಳಿ ಅಭಿವೃದ್ಧಿಯ ಕೆಲಸ ನಿಲ್ಲಿಸಿತು. ಗಾಂಜಾದ ಮೇಲಿನ 1937ರ ತೆರಿಗೆ ಕಾಯ್ದೆ ಬೆಳೆಯ ಬೆನ್ನು ಮುರಿಯಿತು. ಕಿಮಿಂಗ್ಟನ್, ಚಿಂಗ್ಟನ್, ಫೆರಾಮಿಂಗ್ಟನ್ ಯಾವುದೂ ಇವತ್ತು ಉಳಿದಿಲ್ಲ. ಬಿತ್ತಿ ಬೆಳೆದು ಹೊಸ ಕಾಳು ಪಡೆಯದಿದ್ದರೆ ಭಂಗಿಯ ಬೀಜ ಬೇಗ ಜೀವ ಕಳೆದುಕೊಳ್ಳುತ್ತದೆ. ಒಬ್ಬ ಮನುಷ್ಯನ ಆಯುಷ್ಯದ ಆಯ್ಕೆ, ನೋಡುವ ಕಣ್ಣು ಇಲ್ಲವಾದ ಕೂಡಲೇ ಮಣ್ಣಾಯಿತು.

ಆದ್ದರಿಂದ ಗುಡ್ಡಗಾಡಿನ ಬೀಜದಲ್ಲೇ, ಗುಡ್ಡಗಾಡಿನಲ್ಲೇ, ಅಲ್ಲಿಯ ರೈತರ ಕೈಯಿಂದಲೇ ಆಯ್ಕೆ ನಡೆಯಬೇಕೆಂದು ನನ್ನ ದೃಢ ನಂಬಿಕೆ. ವಿಜ್ಞಾನಿಗಳು ಎಲೆಯ ಚೂರು ನೋಡಿ ಹೇಳಲಿ. ಯಾವ ಗಿಡದ ನಾರು ಎಳೆಗೆ ಬರುತ್ತದೆ, ಯಾವ ಕಾಳು ಕಲ್ಲಿನಡಿ ಚೆನ್ನಾಗಿ ಅರೆಯುತ್ತದೆ ಎಂದು ಅಲ್ಲಿಯ ಹೆಂಗಸರು ಹೇಳಲಿ. ಟಿಎಚ್‌ಸಿ ಒಂದನ್ನೇ ತಕ್ಕಡಿಗೆ ಹಾಕಿದರೆ ಉಳಿದದ್ದೆಲ್ಲ ಸೋರಿಹೋಗುತ್ತದೆ ಎಂಬುದಕ್ಕೆ ಬ್ರೆಡೆಮಾನರ ಮೋಟು ನಾರು ಸಾಕ್ಷಿಯಾಗಿದೆ.

ಈ ಕೆಲಸವನ್ನು ಒಬ್ಬನೇ ರೈತ ಒಂದೇ ಹೊಲದಲ್ಲಿ ಮಾಡಲಾರ. ನೌಗಾಂವದ ಬೇಲಿಯಂಚು ಕಲಿಸಿದ್ದು ಅದನ್ನೇ. ಗಾಳಿಯಲ್ಲಿ ಪರಾಗ ಹಾರುವ ಬೆಳೆಯಲ್ಲಿ ಬೀಜ ಒಬ್ಬನ ಸ್ವತ್ತಲ್ಲ. ಒಂದು ಕಣಿವೆಯ ಜನ ಒಟ್ಟಾಗಿ ಕೂತು, ಈ ವರ್ಷ ಯಾವ ಗಂಡು ನಿಲ್ಲಲಿ, ಯಾವುದು ಹೋಗಲಿ ಎಂದು ಒಪ್ಪಿಕೊಂಡರಷ್ಟೇ ಆಯ್ಕೆಗೆ ಅರ್ಥ. ದಿನ್ನೆ ಬೇಲಿಯ ಗಿಡಗಳನ್ನೂ ಅವರೇ ನೋಡಿಕೊಳ್ಳಬೇಕು, ಪೋದ್ದಾರನಂಥ ಒಬ್ಬ ಕಣ್ಣುಳ್ಳವನನ್ನೂ ಅವರೇ ಬೆಳೆಸಿಕೊಳ್ಳಬೇಕು.

ಊರಿಗೆ ಹೋದಾಗ ಈಗಲೂ ಅಜ್ಜ ನೆಟ್ಟ ಅಡಿಕೆ ಸಾಲಿನಲ್ಲಿ ನಿಲ್ಲುತ್ತೇನೆ. ಅವನು ಆರಿಸಿದ ತಾಯಿಮರ ಬಿದ್ದು ಬಹಳ ಕಾಲವಾಯಿತು, ಅದರ ಮಕ್ಕಳು ಫಲ ಕೊಡುತ್ತಿವೆ. ಆ ಮಕ್ಕಳ ಅರ್ಧ ಗುಣ ಅಜ್ಜ ಆರಿಸದ, ಹೆಸರೂ ತಿಳಿಯದ ಮರಗಳದ್ದು. ಅವುಗಳಲ್ಲಿ ಎಷ್ಟೋ ಬೇಲಿಯಾಚೆಯ ಪಕ್ಕದ ಮನೆಯವರವು ಇರಬೇಕು. ಆ ಮನೆಯವರೂ ತಮ್ಮ ತೋಟದಲ್ಲಿ ಒಳ್ಳೆಯ ಮರಗಳನ್ನೇ ಉಳಿಸಿಕೊಂಡಿದ್ದರು. ನಮ್ಮ ಗೊನೆಯಲ್ಲಿ ಅವರ ಆಯ್ಕೆಯೂ ಕಾಯಿ ಕಟ್ಟಿದೆ.